ಮಂಚ ಬೇಡ ಅಂದರೂ ಸಾಲ ಬಿಡಲಿಲ್ಲ

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಗೆ ಬಾರದ ಮಂಚಕ್ಕೆ ನಾವು ಎರಡು ತಿಂಗಳು ಕಂತು ಕಟ್ಟಿದ್ದೇವೆ. ಆರ್ಡರ್ ಕೊಟ್ಟ ಮರುದಿನವೇ ಬೇಡ ಅಂತ ಅಂಗಡಿಗೆ ಹೋಗಿ ಹೇಳಿ ಬಂದಿದ್ದೆವು. ಆದರೂ ಕಟ್ಟಿದೆವು. ಇದು ನಮ್ಮೊಬ್ಬರ ಮನೆಯ ಕಥೆ ಅಂದುಕೊಂಡು ಸುಮ್ಮನಿದ್ದೆ. ಆಮೇಲೆ ನೋಡಿದರೆ ನಮ್ಮ ಬೀದಿಯಲ್ಲೇ ಒಬ್ಬರಿಗೆ ಸೋಫಾದಲ್ಲಿ, ಇನ್ನೊಬ್ಬರಿಗೆ ಫ್ರಿಜ್‌ನಲ್ಲಿ ಇದೇ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗಿದೆ, ಜಾಗ ಮಾಡಿಕೊಡಿ.

ನಾನು ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆ. ನಮ್ಮ ಅತ್ತೆಗೆ ಎರಡೂ ಮಂಡಿ ಸವೆದು, ಕಳೆದ ವರ್ಷ ಬಲಮಂಡಿಯ ಆಪರೇಷನ್ ಆಯಿತು. ಅವರ ಹಳೇ ಮಂಚ ಕಿರುಗುಟ್ಟುತ್ತಿತ್ತು. ಗೌರಿ ಗಣೇಶ ಹಬ್ಬದ ಆಫರ್ ನಡೆಯುತ್ತಿದ್ದ ಒಂದು ಭಾನುವಾರ, ನಾನೂ ನಮ್ಮ ಮನೆಯವರೂ ಒಂದು ಫರ್ನಿಚರ್ ಶೋರೂಮಿಗೆ ಹೋದೆವು. ಮಂಚ ಮತ್ತು ಮೂರು ಬಾಗಿಲ ವಾರ್ಡ್‌ರೋಬ್, ಎರಡೂ ಸೇರಿ ಒಂದು ಸೆಟ್. ಬೆಲೆ 78,000 ರೂಪಾಯಿ. ಒಟ್ಟಿಗೇ ಕ್ಯಾಶ್ ಕೊಟ್ಟರೆ 72,000ಕ್ಕೆ ಬಿಡುತ್ತೇವೆ ಅಂದರು. ಅಷ್ಟು ದುಡ್ಡು ಕೈಯಲ್ಲಿರಲಿಲ್ಲ. ಅಲ್ಲೇ ಮೂಲೆಯಲ್ಲಿ ಫೈನಾನ್ಸ್ ಕಂಪನಿಯ ಹುಡುಗ ಟೇಬಲ್ ಹಾಕಿಕೊಂಡು ಕೂತಿದ್ದ. ಬಡ್ಡಿ ಇಲ್ಲ ಮೇಡಂ, ತಿಂಗಳಿಗೆ 6,500, ಎರಡು ಕಂತು ಈಗ ಕಟ್ಟಿಬಿಡಿ, ಉಳಿದ ಹತ್ತು ಕಂತು ಅಕೌಂಟಿನಿಂದ ತಾನೇ ಹೋಗುತ್ತೆ ಅಂದ.

ಆಧಾರ್ ನಂಬರ್ ಹೇಳಿದೆ. ಮುಖ ತೋರಿಸಿ ಫೋಟೋ ತೆಗೆಸಿಕೊಂಡೆ. ಒಂದು ಒಟಿಪಿ, ಇನ್ನೊಂದು ಒಟಿಪಿ, ಮತ್ತೊಂದು. ಟ್ಯಾಬ್‌ನ ಗಾಜಿನ ಮೇಲೆ ಬೆರಳಲ್ಲೇ ಸಹಿ ಗೀಚಿದೆ. ಎಲ್ಲಾ ಸೇರಿ ಹದಿನೈದು ನಿಮಿಷವೂ ಆಗಿಲ್ಲ. 13,000 ಮುಂಗಡ, 799 ಪ್ರೊಸೆಸಿಂಗ್ ಫೀ ಅಂತ ಗೂಗಲ್ ಪೇ ಮಾಡಿ ಮನೆಗೆ ಬಂದೆವು. ಹದಿನೈದು ದಿನದಲ್ಲಿ ಡೆಲಿವರಿ ಅಂದಿದ್ದರು.

ರಾತ್ರಿ ಊಟ ಆದ ಮೇಲೆ ಮೊಬೈಲ್‌ನಲ್ಲಿ ಮಂಚದ ಫೋಟೋ ತೋರಿಸಿದಾಗ ಅತ್ತೆ ಕೇಳಿದ ಮೊದಲ ಮಾತು, ಎಷ್ಟು ಎತ್ತರ ಐತೆ ಅಂತ. ನಾವು ಅದನ್ನು ನೋಡಿಯೇ ಇರಲಿಲ್ಲ. ಆಸ್ಪತ್ರೆಯಿಂದ ಬರುವಾಗ ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು, ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ತಗ್ಗಿನ ಕುರ್ಚಿ ಮಂಚ ಬೇಡ ಅಂತ. ಬಿಲ್ಲಿನ ಹಿಂದೆ ಅಳತೆ ಇತ್ತು. ಹಾಸಿಗೆ ಸೇರಿ ನೆಲದಿಂದ 14 ಇಂಚು. ಈಗಿನ ಫ್ಯಾಷನ್ ಅಂತೆ, ತಗ್ಗು ಮಂಚ. ನಮ್ಮ ಮನೆಯವರು ದಿವಾನದ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ ಟೇಪ್ ಹಿಡಿದು 14 ಇಂಚಿಗೆ ಸರಿ ಮಾಡಿದರು. ಅತ್ತೆ ಅದರ ಮೇಲೆ ಕೂತರು. ಏಳಲು ನೋಡಿದರು, ಆಗಲಿಲ್ಲ. ಕಿಟಕಿ ಸರಳು ಹಿಡಿದು ಮತ್ತೆ ಎದ್ದರು, ಅರ್ಧಕ್ಕೆ ನಿಂತು ಮತ್ತೆ ಕುಸಿದರು. ಬಲಗಾಲು ನಡುಗುತ್ತಿತ್ತು. ನಾವಿಬ್ಬರೂ ರಟ್ಟೆ ಹಿಡಿದು ಎಬ್ಬಿಸಿದೆವು. ದಿನಾ ರಾತ್ರಿ ಮೂರು ಸಲ ಬಚ್ಚಲಿಗೆ ಏಳುವವರು ಅವರು. ಈ ಮಂಚ ಆಗಲ್ಲ ಅಂತ ಆಗಲೇ ತೀರ್ಮಾನ ಆಯಿತು.

ಸೋಮವಾರ ಬೆಳಗ್ಗೆ ಶೋರೂಮಿನ ಬಾಗಿಲು ತೆಗೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಸೇಲ್ಸ್ ಹುಡುಗ ಮಾಲೀಕರನ್ನು ತೋರಿಸಿದ. ಮಾಲೀಕರು ಕೇಳಿಸಿಕೊಂಡರು, ಒಳ್ಳೆಯ ಮಾತಿನಲ್ಲೇ, "ಆಯ್ತು ಬಿಡ್ರಿ ಮೇಡಂ, ಕ್ಯಾನ್ಸಲ್ ಮಾಡಿಸ್ತೀವಿ, ಫೈನಾನ್ಸಿನವರಿಗೆ ನಾವೇ ಹೇಳ್ತೀವಿ" ಅಂದರು. ನಾವು ನಂಬಿ ಬಂದೆವು. ಒಂದು ಚೀಟಿಯನ್ನೂ ಬರೆಸಿಕೊಳ್ಳಲಿಲ್ಲ. ನಮ್ಮ ತಪ್ಪು ಅಂತ ಇದ್ದರೆ ಅದೊಂದೇ.

ಮುಂದಿನ ತಿಂಗಳು 5ನೇ ತಾರೀಖು ಬೆಳಗ್ಗೆ ಆರು ಗಂಟೆಗೆ ಮೆಸೇಜ್ ಬಂತು. ನನ್ನ ಸಂಬಳದ ಅಕೌಂಟಿನಿಂದ 6,500 ಹೋಗಿತ್ತು.

ಅಂಗಡಿಗೆ ಫೋನ್ ಮಾಡಿದರೆ, ನಾವು ಹೇಳಿದ್ದೇವೆ, ನೀವು ಫೈನಾನ್ಸಿನವರನ್ನೇ ಕೇಳಿ ಅಂದರು. ಫೈನಾನ್ಸಿನ ಕಸ್ಟಮರ್ ಕೇರ್‌ನಲ್ಲಿ ಇಪ್ಪತ್ತು ನಿಮಿಷ ಹಾಡು ಕೇಳಿದ ಮೇಲೆ ಸಿಕ್ಕವರು, ನಿಮ್ಮ ಸಾಲ ಚಾಲ್ತಿಯಲ್ಲಿದೆ ಮೇಡಂ, ಡೀಲರ್ ಕಡೆಯಿಂದ ಕ್ಯಾನ್ಸಲ್ ಬಂದರೆ ಮಾತ್ರ ನಮ್ಮಲ್ಲಿ ಆಗುತ್ತೆ ಅಂದರು. ಮತ್ತೆ ಅಂಗಡಿ. ಈ ಸಲ ಮಾತು ಬದಲಾಗಿತ್ತು. ಆರ್ಡರ್ ಫ್ಯಾಕ್ಟರಿಗೆ ಹೋಗಿಬಿಟ್ಟಿದೆ, ಕ್ಯಾನ್ಸಲ್ ಅಂದರೆ ನೂರಕ್ಕೆ ಹತ್ತು ಹಿಡ್ಕೊಳ್ತೀವಿ, 7,800 ಅಂದರು. ಬಿಲ್ಲಿನಲ್ಲಿ ಎಲ್ಲಿದೆ ಅಂತ ಕೇಳಿದೆ. ಬಿಲ್ಲಿನಲ್ಲಿ ಇರಲಿಲ್ಲ. ನಮ್ಮ ರೂಲ್ಸು ಹಾಗೇ ಅಂದರು.

ಈ ಓಡಾಟದಲ್ಲಿ ನನಗೆ ಅರ್ಥವಾದ ವಿಷಯವೇ ಈ ಪತ್ರದ ಮುಖ್ಯ ಸಂಗತಿ. ಗಿರಾಕಿಯಾದ ನಮಗೆ ಅದು ಒಂದೇ ವ್ಯವಹಾರ. ಒಂದೇ ಅಂಗಡಿ, ಒಂದೇ ಭಾನುವಾರ, ಒಂದೇ ಮಂಚ. ಆದರೆ ಕಾಗದದಲ್ಲಿ ಅವು ಎರಡು. ಅಂಗಡಿಯವರ ಜೊತೆ ಮಾಲಿನ ಕರಾರು ಒಂದು, ಫೈನಾನ್ಸ್ ಕಂಪನಿ ಜೊತೆ ಸಾಲದ ಕರಾರು ಇನ್ನೊಂದು. ಮೊದಲನೆಯದು ಮುರಿದರೆ ಎರಡನೆಯದು ತಾನಾಗಿ ಮುರಿಯುವುದಿಲ್ಲ. ಸಾಲದ ದುಡ್ಡು ನಮ್ಮ ಕೈಗೆ ಬರುವುದೇ ಇಲ್ಲ, ಸೀದಾ ಅಂಗಡಿಯವರ ಖಾತೆಗೆ ಹೋಗುತ್ತದೆ. ಇದಕ್ಕೊಂದು ಮೆಟ್ಟಿಲಿದೆ. ಫೈನಾನ್ಸಿನವರು ಅಂಗಡಿಗೆ ಮೊದಲು ಮಾಲು ಕೊಡಿ ಅಂತ ಒಂದು ಆದೇಶ ಕೊಡುತ್ತಾರೆ, ಅದು ಡೆಲಿವರಿ ಆರ್ಡರ್, ಅವರ ಬಾಯಲ್ಲಿ ಡಿಒ. ಅಂಗಡಿಯವರು ಬಿಲ್ ಮಾಡಿ ಅಪ್‌ಲೋಡ್ ಮಾಡಿದ ಮೇಲೆ ದುಡ್ಡು ಬಿಡುಗಡೆ. ದುಡ್ಡು ಬಿಡುಗಡೆಯಾಗುವ ಮುಂಚೆ ಡಿಒ ಕ್ಯಾನ್ಸಲ್ ಮಾಡಿಸುವುದು ಸುಲಭ. ಆಮೇಲೆ ಅಂಗಡಿಯವರು ದುಡ್ಡು ವಾಪಸ್ ಕಳಿಸಿದರೆ ಮಾತ್ರ ಸಾಲ ಮುಚ್ಚುತ್ತದೆ. ನಮ್ಮ ವಿಷಯದಲ್ಲಿ ಮಂಚಕ್ಕೆ ಇನ್ನೂ ಮರ ಕೊಯ್ದಿರಲಿಲ್ಲವೇನೋ, ಆದರೆ ಭಾನುವಾರ ಸಂಜೆಯೇ ಪೂರ್ತಿ ಬಿಲ್ ಆಗಿತ್ತು. ಹದಿನೈದು ದಿನ ಬಿಟ್ಟು ಕೊಡುವ ಮಾಲಿಗೆ ಇವತ್ತೇ ಬಿಲ್ ಯಾಕೆ? ದುಡ್ಡು ಬೇಗ ಬರಲಿ ಅಂತ, ಅಷ್ಟೇ.

ನಮ್ಮ ಸಂಘದಲ್ಲಿ ನಾನು ದಿನಾ ಸಾಲದ ಅರ್ಜಿ ನೋಡುವವಳು. ಅಲ್ಲಿ ಕಾರ್ಯದರ್ಶಿ ಎದುರಿಗೆ ಕೂರಿಸಿ, ಬಡ್ಡಿ ಎಷ್ಟು, ಕಂತು ಎಷ್ಟು, ತಪ್ಪಿದರೆ ಏನು ಅಂತ ಕನ್ನಡದಲ್ಲಿ ಓದಿ ಹೇಳದೆ ಯಾರಿಂದಲೂ ಸಹಿ ಹಾಕಿಸುವುದಿಲ್ಲ. ಅದಕ್ಕೇ ಆ ರಾತ್ರಿ ಮೊಬೈಲ್‌ಗೆ ಬಂದಿದ್ದ ಲಿಂಕ್ ತೆಗೆದು ಕಾಗದಗಳನ್ನು ಮೊದಲ ಸಲ ಓದಿದೆ. ಎಲ್ಲಾ ಇಂಗ್ಲಿಷ್. ಕೊನೆಯಲ್ಲಿ, ಇದನ್ನೆಲ್ಲ ನನಗೆ ಗೊತ್ತಿರುವ ಭಾಷೆಯಲ್ಲಿ ವಿವರಿಸಿದ್ದಾರೆ ಅಂತ ನಾನು ಒಪ್ಪಿಕೊಂಡಿರುವ ಹಾಗೆ ಒಂದು ಟಿಕ್. ಯಾರೂ ವಿವರಿಸಿರಲಿಲ್ಲ. ಟಿಕ್ ಹಾಕಿದ್ದು ಆ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ದಿನಕ್ಕೆ ಇಷ್ಟು ಅಂತ ಟಾರ್ಗೆಟ್ ಇರುತ್ತೆ. ಸಿಟ್ಟು ಇರುವುದು ಅವನನ್ನು ಹಾಗೆ ಕೂರಿಸಿದವರ ಮೇಲೆ.

ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಒಂದು ಮುಖ್ಯಾಂಶದ ಹಾಳೆ ಕೊಡಲೇಬೇಕು. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ವರ್ಷಕ್ಕೆ ಒಟ್ಟು ಎಷ್ಟು ಶೇಕಡ ಬೀಳುತ್ತೆ, ಫೀ ಎಷ್ಟು, ದೂರು ಯಾರಿಗೆ ಹೇಳಬೇಕು, ಎಲ್ಲಾ ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಿರಬೇಕು ಅಂತಲೂ ಅದರಲ್ಲಿದೆ. ಅಷ್ಟೇ ಅಲ್ಲ, ಇಂಥ ಸಾಲಕ್ಕೆ ಆ ಹಾಳೆ ಕೊಟ್ಟ ಮೇಲೆ ಯೋಚಿಸಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಸಮಯ ಇರಬೇಕು. ನಮಗೆ ಹಾಳೆ ಬಂದಿದ್ದು ಸಹಿ ಆದ ಮೇಲೆ.

ಬಡ್ಡಿ ಇಲ್ಲ ಅನ್ನುವ ಮಾತಿನ ಲೆಕ್ಕವನ್ನೂ ಆಗಲೇ ಹಾಕಿದೆ. ಕ್ಯಾಶ್ ಬೆಲೆ 72,000. ಅದರಲ್ಲಿ 13,000 ನಾವು ಮೊದಲೇ ಕೊಟ್ಟಿದ್ದೇವೆ. ಅಲ್ಲಿಗೆ ನಿಜವಾದ ಸಾಲ 59,000. ಅದಕ್ಕೆ ಹತ್ತು ತಿಂಗಳಲ್ಲಿ ಕಟ್ಟಬೇಕಾದ್ದು 65,000. ಕಂತು ಕಟ್ಟುತ್ತಾ ಹೋದ ಹಾಗೆ ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ತಿಂಗಳಿಗೆ ಶೇ 1.8, ವರ್ಷಕ್ಕೆ ಶೇ 21ಕ್ಕಿಂತ ಜಾಸ್ತಿ. 799 ಫೀ ಇದರಲ್ಲಿ ಸೇರಿಲ್ಲ. ನಮ್ಮ ಸಂಘದಲ್ಲಿ ಇಷ್ಟು ಬಡ್ಡಿ ಹಾಕಿದರೆ ಸದಸ್ಯರು ವಾರ್ಷಿಕ ಸಭೆಯಲ್ಲಿ ಬಿಡುತ್ತಾರಾ? ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ, ಪ್ರೊಸೆಸಿಂಗ್ ಫೀ ರೂಪದಲ್ಲಿ ಬಡ್ಡಿ ಅಡಗಿಸುತ್ತಾರೆ, ಅಂಗಡಿಯ ರಿಯಾಯಿತಿ ಗಿರಾಕಿಗೇ ಸಿಗಬೇಕು ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಇಷ್ಟು ವರ್ಷ ಆದರೂ ಶೋರೂಮಿನ ಬಾಗಿಲಲ್ಲಿ ಆ ಬೋರ್ಡು ಹಾಗೇ ಇದೆ.

ಇನ್ನು ರದ್ದು ಮಾಡುವ ಹಕ್ಕಿನ ವಿಷಯ. ಇದು ತುಂಬ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಮೊಬೈಲು, ಟ್ಯಾಬ್‌ನಲ್ಲಿ ಒಟಿಪಿ ಹಾಕಿ ಆಗುವ ಡಿಜಿಟಲ್ ಸಾಲಗಳಿಗೆ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು, 2025ರ ಮೇ 8ರಂದು ಅದನ್ನು ಹೊಸದಾಗಿ ಹೊರಡಿಸಿತು. ಅದರಲ್ಲಿ ಕೂಲಿಂಗ್ ಆಫ್ ಅಂತ ಒಂದು ಅವಧಿ ಇದೆ. ಸಾಲ ಬೇಡ ಅನ್ನಿಸಿದರೆ ಆ ಅವಧಿಯೊಳಗೆ ದಂಡ ಇಲ್ಲದೆ ಹೊರಗೆ ಬರಬಹುದು. ಎಷ್ಟು ದಿನ ಅಂತ ಕಂಪನಿಯ ಆಡಳಿತ ಮಂಡಳಿ ತೀರ್ಮಾನಿಸುತ್ತೆ, ಕನಿಷ್ಠ ಒಂದು ದಿನ ಇರಲೇಬೇಕು. ನಮ್ಮ ಹಾಳೆಯಲ್ಲಿ ಮೂರು ದಿನ ಅಂತಿತ್ತು. ಅಂದರೆ ಸೋಮವಾರ ಬೆಳಗ್ಗೆ ನಾವು ಅಂಗಡಿಗೆ ಹೋಗಿ ಬಾಯಲ್ಲಿ ಹೇಳಿ ಬಂದಿದ್ದನ್ನೇ ಫೈನಾನ್ಸ್ ಕಂಪನಿಗೆ ಒಂದು ಮೇಲ್ ಮಾಡಿ ಹೇಳಿದ್ದರೆ, ಹಕ್ಕು ನಮ್ಮ ಕೈಯಲ್ಲಿತ್ತು.

ಆದರೆ ಆ ಹಕ್ಕಿನಲ್ಲೂ ಒಂದು ದೊಡ್ಡ ತೂತಿದೆ. ಹೊರಗೆ ಬರಬೇಕಾದರೆ ಅಸಲು ಮತ್ತು ಅಷ್ಟು ದಿನದ ಬಡ್ಡಿಯನ್ನು ಸಾಲಗಾರ ವಾಪಸ್ ಕಟ್ಟಬೇಕು. ಪ್ರೊಸೆಸಿಂಗ್ ಫೀ ಮೊದಲೇ ಹೇಳಿದ್ದರೆ ಅದನ್ನು ಅವರು ಇಟ್ಟುಕೊಳ್ಳಬಹುದು, ಅದಿರಲಿ. ಅಸಲು ಯಾರ ಹತ್ತಿರ ಇದೆ? ಅಂಗಡಿಯವರ ಹತ್ತಿರ. ವಾಪಸ್ ಕಟ್ಟಬೇಕಾದವರು ಯಾರು? ನಾವು. ಅಷ್ಟು ದುಡ್ಡು ಒಟ್ಟಿಗೇ ಕಟ್ಟುವ ಶಕ್ತಿ ಇದ್ದಿದ್ದರೆ ನಾವು ಕ್ಯಾಶ್‌ನಲ್ಲೇ ತಗೊಂಡು 6,000 ಉಳಿಸುತ್ತಿರಲಿಲ್ವಾ? ಪರ್ಸನಲ್ ಲೋನ್ ಪಡೆಯುವವನಿಗೆ ಈ ನಿಯಮ ಸರಿ, ಅವನ ದುಡ್ಡು ಅವನ ಖಾತೆಯಲ್ಲೇ ಇರುತ್ತೆ, ಹಿಂದಿರುಗಿಸುತ್ತಾನೆ. ಅಂಗಡಿ ಸಾಲಕ್ಕೆ ಇದು ಹೊಂದುವುದೇ ಇಲ್ಲ. ಅಂಗಡಿಗೆ ದುಡ್ಡು ಕಳಿಸಿದ್ದು ಫೈನಾನ್ಸ್ ಕಂಪನಿ, ಆ ಅಂಗಡಿ ಜೊತೆ ಒಪ್ಪಂದ ಇರುವುದೂ ಅವರಿಗೇ. ವಾಪಸ್ ತರಿಸಿಕೊಳ್ಳುವ ಹೊಣೆಯೂ ಅವರದ್ದೇ ಆಗಬೇಕು.

ಜರ್ಮನಿಯಲ್ಲಿರುವ ನನ್ನ ತಮ್ಮನ ಮಗಳು ಹೇಳಿದಳು, ಅಲ್ಲಿ ಮಾಲನ್ನು ಕಾನೂನು ಕೊಟ್ಟ ಹಕ್ಕಿನ ಪ್ರಕಾರ ರದ್ದು ಮಾಡಿದರೆ ಅದಕ್ಕೆ ಅಂಟಿಕೊಂಡ ಸಾಲವೂ ಜೊತೆಗೇ ಬಿದ್ದುಹೋಗುತ್ತದೆ. ಯುರೋಪಿನ ಒಕ್ಕೂಟದ 2008ರ ಗ್ರಾಹಕ ಸಾಲದ ನಿರ್ದೇಶನದಲ್ಲೇ ಇದು ಇದೆ. ಅಂಥ ಒಂದು ಸಾಲು ನಮ್ಮ ನಿಯಮದಲ್ಲಿ ಸೇರಿಸಲು ಏನು ಕಷ್ಟ?

ಅಂಗಡಿಯವರ ಕಡೆಯ ಮಾತನ್ನೂ ಹೇಳಬೇಕು. ಅಂಗಡಿಗೆ ಹೋಗಿ ನೋಡಿ ಕೊಂಡ ಮಾಲನ್ನು ಮನಸ್ಸು ಬದಲಾಯಿತು ಅಂತ ರದ್ದು ಮಾಡುವ ಹಕ್ಕು ನಮ್ಮ ಗ್ರಾಹಕ ಕಾಯ್ದೆಯಲ್ಲಿ ಇಲ್ಲ. 2019ರ ಕಾಯ್ದೆ ವಾಪಸಾತಿಯ ಬಗ್ಗೆ ಹೇಳುವುದು ದೋಷ ಇರುವ ಮಾಲಿಗೆ. ನಮ್ಮ ಅಳತೆಗೇ ಮರ ಕತ್ತರಿಸಿ ಮಂಚ ಮಾಡಿದ್ದರೆ ಅಂಗಡಿಯವರಿಗೂ ನಷ್ಟ, ಅದನ್ನು ಕೇಳುವುದು ನ್ಯಾಯ. ಆದರೆ ನಷ್ಟ ಆಗಿದ್ದರೆ ತಾನೇ? 1872ರ ಕರಾರು ಕಾಯ್ದೆ ಪ್ರಕಾರ ಕರಾರು ಮುರಿದಾಗ ಕೇಳಬಹುದಾದ್ದು ನ್ಯಾಯವಾದ ಪರಿಹಾರ, ಬಾಯಿಗೆ ಬಂದ ಮೊತ್ತ ಅಲ್ಲ. ನಮ್ಮ ಮಂಚ ಕ್ಯಾಟಲಾಗಿನ ಮಂಚ. ಅದೇ ಮಾದರಿ ಈಗಲೂ ಶೋರೂಮಿನ ಗಾಜಿನ ಹಿಂದೆ ಮಾರಾಟಕ್ಕಿದೆ, ನಾನೇ ಬಸ್ಸಿನಿಂದ ದಿನಾ ನೋಡುತ್ತೇನೆ.

ಅಕೌಂಟ್ ಖಾಲಿ ಇಟ್ಟುಬಿಡಿ, ಕಂತು ಹೇಗೆ ಎಳೀತಾರೆ ನೋಡೋಣ ಅಂತ ನಮಗೆ ಹೇಳಿದವರು ತುಂಬ ಜನ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬ್ಯಾಂಕಿನದ್ದೊಂದು ಬೌನ್ಸ್ ಚಾರ್ಜ್, ಕಂಪನಿಯದ್ದೊಂದು ದಂಡ, ಅದರ ಮೇಲೆ ನಮ್ಮ ಸಾಲದ ಚರಿತ್ರೆ ಬರೆದಿಡುವ ಸಿಬಿಲ್‌ನಲ್ಲಿ ಕಪ್ಪು ಚುಕ್ಕೆ. ಚೆಕ್ ಬೌನ್ಸ್ ಆದ ಹಾಗೇ ಇದರ ಮೇಲೂ ಕೇಸ್ ಹಾಕಬಹುದು, 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಅದಕ್ಕೇ ಇರುವುದು. ನಮ್ಮ ಮಗಳಿಗೆ ಮುಂದಿನ ವರ್ಷ ಎಜುಕೇಷನ್ ಲೋನ್ ಬೇಕು. ಬಾರದ ಮಂಚದ ಕಾರಣಕ್ಕೆ ಅವಳ ಸಾಲ ನಿಲ್ಲಬಾರದು ಅಂತ ನಾವು ಹಲ್ಲು ಕಚ್ಚಿ ಎರಡನೇ ಕಂತನ್ನೂ ಕಟ್ಟಿದೆವು.

ಕೊನೆಗೆ ಕೆಲಸ ಮಾಡಿದ್ದು ಫೋನಲ್ಲ, ಕಾಗದ. ಮೊದಲ ಕಂತು ಹೋದ ವಾರವೇ ಒಂದೇ ಪತ್ರವನ್ನು ಅಂಗಡಿಗೂ, ಫೈನಾನ್ಸ್ ಕಂಪನಿಯ ದೂರು ಅಧಿಕಾರಿಗೂ ಸ್ಪೀಡ್ ಪೋಸ್ಟ್ ಮತ್ತು ಮೇಲ್ ಎರಡರಲ್ಲೂ ಕಳಿಸಿದೆ. ಆರ್ಡರ್ ದಿನ, ಬೇಡ ಅಂದ ದಿನ, ಬಿಲ್ ನಂಬರ್, ಸಾಲದ ನಂಬರ್, ಮಾಲು ಇವತ್ತಿನವರೆಗೂ ಬಂದಿಲ್ಲ ಅನ್ನುವ ಮಾತು, ಇಷ್ಟೇ. ಅರ್ಧ ಪುಟ. ಆ ಸೋಮವಾರ ಸೇಲ್ಸ್ ಹುಡುಗನಿಗೆ ನಮ್ಮ ಮನೆಯವರು ಕಳಿಸಿದ್ದ ವಾಟ್ಸ್‌ಆ್ಯಪ್ ಮೆಸೇಜ್ ಸಿಕ್ಕಿತು, "ಅಣ್ಣ, ಮಂಚ ಕ್ಯಾನ್ಸಲ್ ಮಾಡಿಸಿದ್ರಾ" ಅಂತ. ಅವನು ಹೆಬ್ಬೆರಳಿನ ಗುರುತು ಹಾಕಿದ್ದ. ಅದರ ಪ್ರಿಂಟ್ ಲಗತ್ತಿಸಿದೆ, ನಮಗಿದ್ದ ಲಿಖಿತ ಸಾಕ್ಷಿ ಅದೊಂದೇ. 30 ದಿನ ಕಾದೆ, ಸರಿಯಾದ ಉತ್ತರ ಬರಲಿಲ್ಲ. ಆಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗಿರಾಕಿಗಳ ದೂರು ಕೇಳುವ ಅಧಿಕಾರಿಗೆ, ಆನ್‌ಲೈನ್‌ನಲ್ಲಿ ದೂರು ಹಾಕಿದೆ. ದುಡ್ಡು ಕೊಡಬೇಕಿಲ್ಲ, ವಕೀಲರು ಬೇಕಿಲ್ಲ. 14448 ನಂಬರಿಗೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಮೂರು ವಾರದೊಳಗೆ ಫೈನಾನ್ಸ್ ಕಂಪನಿಯಿಂದ ಫೋನ್ ಬಂತು, ಎರಡು ತಿಂಗಳಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು. ಮೂರನೇ ಕಂತಿನ ತಾರೀಖಿಗೆ ಮುಂಚೆ ಸಾಲ ಮುಚ್ಚಿತು, ಕಟ್ಟಿದ್ದ ಎರಡು ಕಂತು ವಾಪಸ್ ಬಂತು. ಸಾಲ ಮುಚ್ಚಿದ ಪತ್ರವನ್ನು ಕೇಳಿ ಪಡೆದೆ. ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ನೋಡಬಹುದು. ಅದರಲ್ಲಿ ತಪ್ಪಿದ್ದು, ದೂರು ಕೊಟ್ಟು 30 ದಿನ ಆದರೂ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅಂತಲೂ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಮ್ಮದು ಸರಿಯಾಗಿಯೇ ಇತ್ತು.

ನಮಗೆ ಬಿಡುವು ಸಿಕ್ಕಿತು. ಆದರೆ ನಾನು ಓದು ಬರಹ ಬಲ್ಲವಳು, ಸಾಲದ ಕಾಗದ ನೋಡಿ ಗೊತ್ತಿರುವವಳು, ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನದು. ಸೋಫಾ ಸಾಲದಲ್ಲಿ ಸಿಕ್ಕಿಕೊಂಡಿರುವ ನಮ್ಮ ಬೀದಿಯ ಹೆಣ್ಣುಮಗಳು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನ ಜಾವ ಹೋದರೆ ಮಧ್ಯಾಹ್ನ ಬರುವವಳು, ಕಸ್ಟಮರ್ ಕೇರ್‌ನ ಹಾಡು ಕೇಳಲು ಅವಳಿಗೆ ಇಪ್ಪತ್ತು ನಿಮಿಷ ಎಲ್ಲಿಂದ ಬರಬೇಕು? ಅವಳ ಪತ್ರ ನಾನೇ ಬರೆದುಕೊಟ್ಟಿದ್ದೇನೆ.

ಹಾಗಾಗಿ ನಾನು ಕೇಳುವುದು ಇಷ್ಟು. ಮಾಲು ಮನೆಗೆ ಬಂದು, ಬಂತು ಅಂತ ಗಿರಾಕಿ ಒಟಿಪಿ ಕೊಟ್ಟ ಮೇಲೆ ಮಾತ್ರ ಅಂಗಡಿಗೆ ಸಾಲದ ದುಡ್ಡು ಹೋಗಲಿ. ಸಿಲಿಂಡರ್ ಕೊಡುವಾಗಲೇ ಒಟಿಪಿ ಕೇಳುತ್ತಾರೆ, 78,000ದ ಮಂಚಕ್ಕೆ ಕೇಳಬಾರದಾ? ಇದೊಂದು ಆದರೆ ಅರ್ಧಕ್ಕರ್ಧ ತಕರಾರು ಹುಟ್ಟುವುದೇ ಇಲ್ಲ. ಅಲ್ಲಿಯವರೆಗೆ, ಕೂಲಿಂಗ್ ಆಫ್ ಅವಧಿಯೊಳಗೆ ಬೇಡ ಅಂದವರ ಅಸಲನ್ನು ಫೈನಾನ್ಸ್ ಕಂಪನಿಯೇ ಅಂಗಡಿಯಿಂದ ವಸೂಲು ಮಾಡಿಕೊಳ್ಳಲಿ, ಆ ಜಗಳ ಮುಗಿಯುವವರೆಗೆ ಕಂತು ನಿಲ್ಲಲಿ. ರದ್ದು ಮಾಡಿದರೆ ಎಷ್ಟು ಹಿಡಿಯುತ್ತಾರೆ ಅನ್ನುವುದು ಬಿಲ್ಲಿನ ಮುಂಭಾಗದಲ್ಲಿ ಕನ್ನಡದಲ್ಲಿ ಇರಲಿ. ಕರ್ನಾಟಕದ ಊರುಗಳಲ್ಲಿ ಕೂತು ಸಾಲ ಕೊಡುವ ಕಂಪನಿಗಳಿಗೆ ಎರಡು ಪುಟದ ಮುಖ್ಯಾಂಶ ಕನ್ನಡದಲ್ಲಿ ಅಚ್ಚು ಹಾಕಿಸುವುದು ಏನೂ ಭಾರವಲ್ಲ. ನಮ್ಮ ಸಂಸದರು ಇದನ್ನು ದೆಹಲಿಯಲ್ಲಿ ಎತ್ತಲಿ, ಜಿಲ್ಲಾಧಿಕಾರಿಗಳು ಒಂದು ದಿನ ಹಬ್ಬದ ಆಫರ್ ಸಮಯದಲ್ಲಿ ಆ ಮೂಲೆಯ ಟೇಬಲ್ ಹತ್ತಿರ ಐದು ನಿಮಿಷ ನಿಂತು ನೋಡಲಿ.

ಅತ್ತೆಯ ಹಳೇ ಮಂಚಕ್ಕೆ ನಮ್ಮ ಏರಿಯಾದ ಬಡಗಿ ನಾಲ್ಕು ಇಂಚಿನ ಕಾಲು ಕೂಡಿಸಿ, ಸಡಿಲವಾಗಿದ್ದ ಕೂಡುಗಳಿಗೆ ಬೆಣೆ ಹೊಡೆದು ಗಟ್ಟಿ ಮಾಡಿಕೊಟ್ಟರು. ಮರ, ಕೂಲಿ ಸೇರಿ 1,800. ಈಗ ಕಿರುಗುಟ್ಟುವುದಿಲ್ಲ. ಅತ್ತೆ ಯಾರನ್ನೂ ಕರೆಯದೆ ತಾವೇ ಏಳುತ್ತಾರೆ.

ಮುಂಗಡದಲ್ಲಿ ಅಂಗಡಿಯವರು 5,200 ಕೊಟ್ಟು 7,800 ಹಿಡಿದುಕೊಂಡಿದ್ದಾರೆ. ಅದಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ ನೋಡಿದೆ, ಅಂಗಡಿಯವರು ಒಪ್ಪಲಿಲ್ಲ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಇ-ಜಾಗೃತಿ ಅನ್ನುವ ಆನ್‌ಲೈನ್ ತಾಣದ ಮೂಲಕ ದೂರು ಹಾಕಿದ್ದೇನೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ನಮ್ಮ ಕೇಸನ್ನು ನಾವೇ ಹೇಳಿಕೊಳ್ಳಬಹುದು. ಫ್ಯಾಕ್ಟರಿಗೆ ಆರ್ಡರ್ ಹೋದದ್ದು ಯಾವ ದಿನ, ನಿಜವಾಗಿ ಆದ ನಷ್ಟ ಎಷ್ಟು ಅಂತ ಅವರು ಕಾಗದ ತೋರಿಸಲಿ, ನ್ಯಾಯವಾದದ್ದಾದರೆ ಬಿಡುತ್ತೇನೆ. ಏನಾಯಿತು ಅಂತ ಮತ್ತೆ ಬರೆಯುತ್ತೇನೆ.

— ನಿಮ್ಮ ಓದುಗರಲ್ಲೊಬ್ಬಳು, ದಾವಣಗೆರೆ